ನೀರಿನ ಡ್ರಮ್ಮಿಗೆ ತೊಡಿಸಿದ ಸ್ಕರ್ಟ್

ನನ್ನ ತಂಗಿ ರಜೆ ಸಿಕ್ಕಾಗಲೆಲ್ಲ ಹೊಳೆಗೆ ಹೋಗಿ ಕಯಾಕ್ ಎಂಬ ಸಣ್ಣ ದೋಣಿ ನಡೆಸುತ್ತಾಳೆ. ಆಗ ಸೊಂಟಕ್ಕೆ ದಪ್ಪ ರಬ್ಬರಿನ ಸ್ಕರ್ಟ್ ತೊಡಬೇಕು. ಅದರ ಅಂಚಿನ ಎಲಾಸ್ಟಿಕ್ಕನ್ನು ದೋಣಿಯ ಬಾಯಿಗೆ ಎಳೆದು ಸಿಕ್ಕಿಸಿದರೆ ಒಳಗೆ ನೀರು ನುಗ್ಗುವುದಿಲ್ಲ. ದೋಣಿ ಕ್ಲಬ್ಬಿನದು, ಸ್ಕರ್ಟ್ ಮಾತ್ರ ಇವಳದು.

ಆಫೀಸಿನ ಕೆಲಸಕ್ಕೆ ಒಂದು ತಿಂಗಳು ಹೊರಗೂರಿಗೆ ಹೊರಟಾಗ ಅದನ್ನು ನನ್ನ ಕೈಗೆ ಕೊಟ್ಟಳು.

"ಬಿಸಿಲಿಗೆ ಹಾಕ್ಬೇಡ. ಮಡಚಿ ಇಡ್ಬೇಡ. ಮೇಲೆ ಕೂತ್ಕೋಬೇಡ. ವಾಪಸ್ ಬಂದ ಮಾರನೇ ದಿನಾನೇ ನನ್ನ ಮೊದಲ್ನೇ ರೇಸು, ಅಣ್ಣ."

"ನನ್ನ ಮೇಲೆ ನಂಬಿಕೆ ಇಲ್ವೇನೇ?"

"ಇಲ್ಲ. ಅದಕ್ಕೇ ಹೇಳ್ತಿರೋದು."

ನಾನು ಒಂಬತ್ತನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನು. ಆದರೂ ಮೂರು ಮಾತು ನೆನಪಿಡಬಲ್ಲೆ. ವಿಜಯನಗರದ ನಮ್ಮ ಮನೆಯಲ್ಲಿ ಬಿಸಿಲು ಬೀಳದ, ಯಾರೂ ಕೂರದ, ಸ್ಕರ್ಟನ್ನು ಮಡಚದೆ ಹರವಿಡಬಹುದಾದ ಜಾಗ ಹುಡುಕಿದೆ. ಮೆಟ್ಟಿಲ ಕೆಳಗೆ, ಮುಚ್ಚಳ ಒಡೆದುಹೋಗಿದ್ದ ನೀರಿನ ಡ್ರಮ್ ಕಂಡಿತು. ನಾನೂ ಅಮ್ಮನೂ ಎದುರುಬದುರು ನಿಂತು ಎಳೆದೆಳೆದು ತೊಡಿಸಿದೆವು. ತಮಟೆಯ ಹಾಗೆ ಬಿಗಿಯಾಯಿತು. ಒಂದು ಸುಕ್ಕಿಲ್ಲ.

ತಂಗಿಯ ಸೊಂಟ ತೂರುವ ತೂತಿನೊಳಗೆ ಅಮ್ಮ ಕಾವೇರಿ ನೀರಿನ ಪೈಪ್ ಇಳಿಬಿಟ್ಟಳು. "ಈ ಲಂಗ ಯಾತಕ್ಕೆ ಅಂತ ಇವತ್ತು ಗೊತ್ತಾಯ್ತು ನೋಡು," ಎಂದಳು.

ತಂಗಿ ಬರುವ ಹಿಂದಿನ ದಿನ ತೆಗೆಯಲು ಹೋದೆ. ಹಾಕುವಾಗ ಇಬ್ಬರ ಬೆವರಿಳಿಸಿದ್ದು ಈಗ ಎರಡು ಬೆರಳಿಗೇ ಕಳಚಿ ಬಂತು. ತಿಂಗಳಿಡೀ ಎಳೆದಿಟ್ಟ ಎಲಾಸ್ಟಿಕ್ ಸತ್ತಿತ್ತು. ತೊಳೆದು, ನೆರಳಲ್ಲಿ ಒಣಗಿಸಿ, ಅವಳು ಬಂದಾಗ ಏನೂ ಹೇಳದೆ ಕೊಟ್ಟೆ.

"ಪರವಾಗಿಲ್ವೇ, ಚೆನ್ನಾಗಿ ನೋಡ್ಕೊಂಡಿದೀಯ," ಎಂದಳು. ಊಟಕ್ಕೆ ಕೂತಾಗ ನನ್ನ ಪಾಲಿನ ಮುದ್ದೆಯನ್ನೂ ಅವಳ ತಟ್ಟೆಗೇ ಹಾಕಿದೆ.

ಬೆಳಿಗ್ಗೆ ಕ್ಲಬ್ಬಿನ ವ್ಯಾನ್ ಸೇರಲು ಅವಳು ಆಟೋ ಹತ್ತಿದಳು. ದೋಣಿಗೆ ನೀರು ತುಂಬಿ, ನಡುಹೊಳೆಯಲ್ಲಿ ಅವಳು ನನ್ನನ್ನು ಬೈಯುವುದು ಕಣ್ಣಿಗೆ ಕಟ್ಟಿತು. ಲುಂಗಿ ಎತ್ತಿ ಕಟ್ಟಿ ಓಡಿದೆ.

"ಅದು ಸಡಿಲ ಆಗಿದೆ ಕಣೇ. ಡ್ರಮ್ಮಿಗೆ ಹಾಕಿದ್ದೆ."

"ಯಾವ ಡ್ರಮ್ಮು?"

"ಕಾವೇರಿ ನೀರಿಂದು."

ಆಟೋದವರು ಇಂಜಿನ್ ಆಫ್ ಮಾಡಿ ನನ್ನನ್ನೇ ನೋಡಿದರು. ತಂಗಿ ಸ್ಕರ್ಟನ್ನು ನನ್ನ ತಲೆಯ ಮೇಲೆ ಹಾಕಿ, ಗೆಳತಿಗೆ ಫೋನ್ ಮಾಡಿ ಅವಳ ಹಳೆಯದನ್ನು ಕೇಳಿಕೊಂಡಳು.

"ಎಳೆದು ಇಡ್ಬೇಡ ಅಂತ ಹೇಳೋದು ಮರ್ತಿದ್ದೆ," ಎಂದಳು. "ಯಾರಿಗೆ ಹೇಳ್ತಿದೀನಿ ಅಂತ ಯೋಚ್ನೆ ಮಾಡ್ಬೇಕಿತ್ತು."

ಎರವಲು ಸ್ಕರ್ಟಿನಲ್ಲಿ ಅವಳು ಎಲ್ಲರಿಗಿಂತ ಕೊನೆಗೆ, ಆದರೆ ಸೊಂಟದ ಕೆಳಗೆ ಒದ್ದೆಯಾಗದೆ ದಡ ಸೇರಿದಳು. ನಾನು ಹೊಸದು ಕೊಡಿಸಿದೆ. ಅದೀಗ ನನ್ನ ಬೀರುವಿನಲ್ಲಿ ಹ್ಯಾಂಗರಿಗೆ ನೇತಾಡುತ್ತಿದೆ. ನನ್ನ ಅಂಗಿಗಳು ಕುರ್ಚಿಯ ಮೇಲಿವೆ. ಹಳೆಯದನ್ನು ಅಮ್ಮ ಡ್ರಮ್ಮಿಗೇ ಹಾಕಿ ಸುತ್ತ ಹಗ್ಗ ಬಿಗಿದಿದ್ದಾಳೆ. ಆದರೆ ಆಗಾಗ ಬೀರು ತೆಗೆದು, ಹೊಸದರ ಅಂಚನ್ನು ಎಳೆದು ನೋಡಿ, "ಇದು ಎಷ್ಟು ಗಟ್ಟಿ ಇದೆ ನೋಡು," ಎನ್ನುತ್ತಿದ್ದಳು. ಬೀರುವಿನ ಕೀಲಿ ಈಗ ನನ್ನ ಉಡಿದಾರದಲ್ಲಿದೆ.