ಎದೆ ಸೀಳಿಕೊಂಡ ಹೆಜ್ಜಾರ್ಲೆ

ಅಪ್ಪ ಅಮ್ಮ ದೇಶ ಬಿಟ್ಟು ಬಂದು ನೆಲೆಸಿದ್ದ ಸೀಡರ್ ಪಾರ್ಕಿನ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳು ಇನ್ನೂ ಕಟ್ಟಿ ಮುಗಿದಿರದ ಕಾಲ ಅದು. ಅಲ್ಲಿ ಬಿದ್ದ ಟೈಲ್ಸ್ ಚೂರು ಆರಿಸಿ ತಂದು, ಮನೆ ಮುಂದಿನ ಸಿಮೆಂಟಿನ ಮೇಲೆ ನಾನೂ ತಮ್ಮ ಪುಟ್ಟುವೂ ಕುಂಟೆಬಿಲ್ಲೆ ಆಡುತ್ತಿದ್ದೆವು. ನನಗೆ ಒಂಬತ್ತು, ಅವನಿಗೆ ಐದು. ಆ ಬೇಸಿಗೆ ಬರುವಷ್ಟರಲ್ಲಿ ಅವನಿಗೆ ಒಂಟಿಕಾಲಲ್ಲಿ ನಿಲ್ಲುವ ಶಕ್ತಿಯೂ ಉಳಿದಿರಲಿಲ್ಲ. ರಕ್ತದ ಕ್ಯಾನ್ಸರ್ ಎಂದರು. ಅವನಿಗೆ ಹೊಂದುವ ಮೂಳೆಯ ಮಜ್ಜೆ ಮನೆಯಲ್ಲಿ ನನ್ನದೊಂದೇ ಎಂದರು.

ನಾನು ಓದುತ್ತಿದ್ದುದು ಒಂದು ಆಂಗ್ಲೋ-ಕ್ಯಾಥೊಲಿಕ್ ಚರ್ಚಿನ ಶಾಲೆಯಲ್ಲಿ. ಅವರ ಪೂಜೆಗೂ ಗಂಟೆ, ಧೂಪ ಇದ್ದುದರಿಂದ ಒಳಗೆ ಕಾಲಿಟ್ಟರೆ ನಮ್ಮ ದೇವರ ಮನೆಯ ವಾಸನೆಯೇ ಬರುತ್ತಿತ್ತು. ಬಾಗಿಲ ಮೇಲೆ ಚರ್ಚಿನ ಲಾಂಛನ. ನೀಲಿ ಗುರಾಣಿಯಲ್ಲಿ ಚಿನ್ನದ ಬಣ್ಣದ ಪೆಲಿಕನ್ ಹಕ್ಕಿ ಕೊಕ್ಕಿನಿಂದ ತನ್ನ ಎದೆಯನ್ನೇ ಸೀಳಿಕೊಳ್ಳುತ್ತಿತ್ತು; ಮೂರು ಕೆಂಪು ಹನಿ, ಕೆಳಗೆ ಬಾಯ್ದೆರೆದ ಮೂರು ಮರಿ. ಅದೇ ಚಿತ್ರ ನಮ್ಮ ಬ್ಲೇಜರಿನ ಜೇಬಿನ ಮೇಲೂ ಇತ್ತು. ನೀಲಿ ಮೇರಿಯಮ್ಮನ ಬಣ್ಣ, ಹಕ್ಕಿಯೇ ಯೇಸು ಎಂದು ಫಾದರ್ ವಿವರಿಸಿದ್ದರು. ಸತ್ತ ಮರಿಗಳು ತಾಯಿಯ ರಕ್ತ ಬಿದ್ದು ಮೂರನೆಯ ದಿನ ಏಳುತ್ತವೆ ಎಂದೂ ಹೇಳಿದರು. ಬೇರೆ ಮಕ್ಕಳು ಆಕಳಿಸುತ್ತಿದ್ದರು. ನಾನು ಮೈಯೆಲ್ಲ ಕಿವಿಯಾಗಿದ್ದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಕೊಕ್ಕರೆ ಬೆಳ್ಳೂರಿನವಳು; ಊರೊಳಗಿನ ಮರಗಳಲ್ಲಿ ಅದೇ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡುತ್ತ ಬೆಳೆದವಳು. ಪುಟ್ಟುವಿಗೆ ಮೊಸರನ್ನ ಕಿವುಚುತ್ತ, ತಲೆಯೆತ್ತದೆ ಹೇಳಿದಳು.

"ಹೆಜ್ಜಾರ್ಲೆ ಅದು. ನಮ್ಮೂರಿಗೆ ಬಾಣಂತನಕ್ಕೆ ಬರ್ತಿದ್ವು. ಎದೆ ಗಿದೆ ಏನೂ ಸೀಳ್ಕೊಳ್ಳಲ್ಲ ಕಣೇ. ಮೀನು ನುಂಗ್ಕೊಂಡು ಬಂದು ಮರಿಗೆ ಕಕ್ಕಿ ಕೊಡುತ್ತೆ, ಅಷ್ಟೇ."

"ನೋ ಅಮ್ಮಾ. ಫಾದರ್ ಸೆಡ್ ಬ್ಲಡ್," ಎಂದೆ. ವಿಪರೀತ ಸಿಟ್ಟು ಬಂದಿತ್ತು. ಮೀನಿನಿಂದ ನನ್ನ ತಮ್ಮ ಎದ್ದು ಆಡುವುದುಂಟೆ?

ಹ್ಯೂಸ್ಟನ್ನಿನ ಆಸ್ಪತ್ರೆಗೆ ಆ ಧಗೆಯಲ್ಲೂ ಬ್ಲೇಜರ್ ಹಾಕಿಕೊಂಡೇ ಹೋದೆ. ಮಜ್ಜೆಯನ್ನು ಸೊಂಟದ ಹಿಂಭಾಗದಿಂದ ತೆಗೆಯುತ್ತೇವೆ ಎಂದು ಡಾಕ್ಟರ್ ಹೇಳಿದಾಗ, ಜೇಬಿನ ಮೇಲಿನ ಹಕ್ಕಿಯನ್ನು ಮುಟ್ಟಿ ತೋರಿಸಿ, ಇಲ್ಲಿಂದಲೇ ತೆಗೆಯಬೇಕು ಎಂದು ಹಟ ಹಿಡಿದೆ. ಅಪ್ಪ ಕಾಫಿ ತರುವ ನೆಪದಲ್ಲಿ ಹೊರಗೆ ಹೋದರು.

ನನ್ನ ಮಜ್ಜೆ ಕೊಟ್ಟ ಮೂರನೆಯ ದಿನ ಪುಟ್ಟು ಕಣ್ಣು ಬಿಟ್ಟು, "ಅಕ್ಕಾ, ಬಿಲ್ಲೆ ತಂದ್ಯಾ?" ಎಂದ. ನಾನು ಗೆದ್ದವಳಂತೆ ಅಮ್ಮನ ಕಡೆ ನೋಡಿದೆ.

"ನಿಮ್ ಫಾದರ್ ಹೇಳಿದ್ದೇ ಸರಿ ಬಿಡು," ಎಂದು ಅವಳು ನನ್ನ ತಲೆ ಸವರಿದಳು.

ಶಾಲೆ ಮತ್ತೆ ತೆರೆಯುವ ಮೊದಲೇ ಪುಟ್ಟು ಹೋಗಿಬಿಟ್ಟ. ನನ್ನ ರಕ್ತವೇ ಸಾಲದಾಯಿತು ಎಂದುಕೊಂಡೆ. ಹಕ್ಕಿಯಿದ್ದ ಆ ಬಾಗಿಲ ಕೆಳಗೆ ಮತ್ತೆಂದೂ ತಲೆಯೆತ್ತಿ ನಡೆಯಲಿಲ್ಲ.

ಈಗ ಆ ಶಾಲೆ ಇಲ್ಲ, ಲಾಂಛನ ಯಾವ ಗೋದಾಮು ಸೇರಿತೋ ಗೊತ್ತಿಲ್ಲ. ಈಚೆಗೆ ಪಕ್ಕದೂರು ಲಿಯಾಂಡರಿನ ನನ್ನ ಮನೆಯಲ್ಲಿ ಹಳೆ ಬಟ್ಟೆಗಳ ನಡುವೆ ಆ ಬ್ಲೇಜರ್ ಸಿಕ್ಕಿತು. ಅಮ್ಮ ಜೇಬಿನ ಮೇಲಿನ ಹಕ್ಕಿಯ ಮೇಲೆ ಕೈಯಾಡಿಸಿದಳು.

"ನಮ್ಮೂರಲ್ಲಿ ಮರಿಗಳು ಗೂಡಿಂದ ಬೀಳ್ತಿದ್ವು," ಎಂದಳು. "ಬಿದ್ದ ಮರಿ ಹತ್ರ ತಾಯಿ ಇಳಿದು ಬರಲ್ಲ ಕಣೇ. ಮೇಲೇ ಕೂತಿರುತ್ತೆ. ಅವತ್ತು ಅದನ್ನ ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಹಾಗಾದರೆ ಪುಟ್ಟು ಉಳಿಯುವುದಿಲ್ಲವೆಂದು ಅಮ್ಮನಿಗೆ ಮೊದಲೇ ಗೊತ್ತಿತ್ತು. ಆ ಮೂರನೆಯ ದಿನ ಇಡೀ ಕೋಣೆಯಲ್ಲಿ ಗೆದ್ದೆನೆಂದು ನಂಬಿದ್ದವಳು ನಾನೊಬ್ಬಳೇ. ಅಷ್ಟು ನಂಬಿಕೆ ನನಗೆ ಆಮೇಲೆ ಯಾವುದರ ಮೇಲೂ ಬರಲಿಲ್ಲ.