ಅಕ್ಕ ಉಳದೆ ಬಿಟ್ಟ ಹೊಲ

ಗೆರೆಯಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನು ಟ್ರ್ಯಾಕ್ಟರ್ ಹತ್ತಿ ಹೊಲದ ಒಂದು ತುದಿಯಿಂದ ಹೊರಟನೆಂದರೆ ಇನ್ನೊಂದು ತುದಿಯವರೆಗೂ ಉಳುಮೆಯ ಗೆರೆ ದಾರ ಹಿಡಿದು ಎಳೆದಂತೆ ಬರುತ್ತಿತ್ತು, ಅದಕ್ಕೇ ಆ ಹೆಸರು. ಮೀಸೆ ಮೂಡುವ ಮೊದಲೇ ಅಪ್ಪನ ಎತ್ತುಗಳ ಹಿಂದೆ ನಡೆದು ಕಲಿತ ವಿದ್ಯೆ ಅದು. ಈಗ ಸುತ್ತಲಿನ ಹೊಲಗಳನ್ನೆಲ್ಲ ಅವನೇ ಬಾಡಿಗೆಗೆ ಉಳುತ್ತಿದ್ದ. "ಇವರ ಬೈತಲೆ ನೋಡಿ, ಅದನ್ನೂ ಉತ್ತೇ ತೆಗೆದಿರೋದು" ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಇಂಥವನಿಗೆ ಒಬ್ಬಳೇ ಅಕ್ಕ. ತಾಯಿ ಬೇಗ ತೀರಿಹೋದ ಮನೆಯಲ್ಲಿ ಅವನ ಮೂಗು ಒರೆಸಿ, ಬೆನ್ನಿಗೆ ಗುದ್ದಿ ಬೆಳೆಸಿದವಳು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ "ಒಬ್ಬನನ್ನ ಸಾಕೋದ್ರಲ್ಲೇ ಸುಸ್ತಾಯ್ತು" ಎಂದು ತಮ್ಮನ ಕಡೆ ಬೆರಳು ತೋರಿಸುತ್ತಿದ್ದಳು. ಆಸ್ತಿ ಭಾಗವಾದಾಗ ಸಮತಟ್ಟಾದ ಹೊಲವನ್ನು ತಮ್ಮನಿಗೆ ಬಿಟ್ಟು, ಮಳೆ ಬಂದಾಗಲೆಲ್ಲ ಮಣ್ಣು ತೊಳೆದುಹೋಗುವ ಇಳಿಜಾರಿನ ತುಂಡನ್ನು ತಾನೇ ಕೇಳಿ ಪಡೆದಳು. ಹತ್ತಿರದ ಸಂಶೋಧನಾ ಕೇಂದ್ರದ ಒಬ್ಬ ಹೆಂಗಸು ಮಣ್ಣಿನ ಮಾದರಿ ತೆಗೆಯಲು ಬಂದವಳು, ಉಳುಮೆ ಬಿಟ್ಟು ನೋಡುವ ಧೈರ್ಯ ಯಾರಿಗಾದರೂ ಇದೆಯಾ ಎಂದು ಕೇಳಿದಾಗ ಕೈ ಎತ್ತಿದವಳೂ ಅಕ್ಕನೇ. ಎಲ್ಲರೂ ಆ ಹೆಂಗಸನ್ನು ಮಣ್ಣಿನ ಮೇಡಂ ಅಂತಲೇ ಕರೆಯುತ್ತಿದ್ದರು.

ಅಂದಿನಿಂದ ಅಕ್ಕನ ಹೊಲವನ್ನು ನೇಗಿಲು ಮುಟ್ಟಲಿಲ್ಲ. ಮೆಕ್ಕೆಜೋಳದ ತೆನೆ ಮುರಿದ ಮೇಲೆ ದಂಟನ್ನು ಅಲ್ಲೇ ಕೆಡವುತ್ತಿದ್ದಳು. ಬೆಳೆ ಇಲ್ಲದ ತಿಂಗಳುಗಳಲ್ಲಿ ಅಲಸಂದೆಯ ಬಳ್ಳಿ ಹಬ್ಬಿಸಿ ನೆಲ ಮುಚ್ಚುತ್ತಿದ್ದಳು. ಬಿತ್ತನೆಗೆ ಚೂಪು ಕೋಲಿನಿಂದ ಗುಳಿ ತೋಡಿ, ಗುಳಿಗೊಂದು ಬೀಜ. ನೋಡುವವರ ಕಣ್ಣಿಗೆ ಅದು ಹೊಲವೂ ಅಲ್ಲ, ಕಾಡೂ ಅಲ್ಲ. ಟ್ರ್ಯಾಕ್ಟರ್ ರಿಪೇರಿಯ ಶೆಡ್ಡಿನಲ್ಲಿ ಗೆರೆಯಣ್ಣ ಟೀ ಲೋಟ ಹಿಡಿದು ಕೂತರೆ ಸಾಕು, ಮೆಕ್ಯಾನಿಕ್ ಸ್ಪ್ಯಾನರ್ ಒರೆಸುತ್ತ ಶುರು ಮಾಡುತ್ತಿದ್ದ. "ಏನಣ್ಣಾ, ಮನೆಗೆ ಮಾರಿ ಊರಿಗೆ ಉಪಕಾರಿ ಅಂತಾರಲ್ಲ, ಅದು ನಿನ್ನ ನೋಡೇ ಹೇಳಿದ್ದಾ? ಅಕ್ಕನ ಹೊಲ ಒಂದು ಸಲ ಉತ್ತುಕೊಡೋಕೆ ಡೀಸೆಲ್ ಇಲ್ವಾ?" ಗೆರೆಯಣ್ಣನ ಕಿವಿ ಕೆಂಪಾಗುತ್ತಿತ್ತು.

ಆ ವರ್ಷ ಬಿತ್ತನೆಗೆ ಮುಂಚೆ ಅಕ್ಕ ಅಟ್ಟದಿಂದ ಬೀಜದ ಚೀಲ ಇಳಿಸಲು ಹೋಗಿ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಅವಳಿಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಬಿತ್ತನೆಯದೇ. ಮೊದಲ ಮಳೆ ಬಿದ್ದು ನೆಲ ಹದವಾದಾಗ ಗೆರೆಯಣ್ಣನಿಗೆ ತಡೆದುಕೊಳ್ಳಲಾಗಲಿಲ್ಲ. ಜೀವನವಿಡೀ ತನಗಾಗಿ ದುಡಿದವಳಿಗೆ ತಾನು ಕೊಡಬಹುದಾದದ್ದು ತನ್ನ ಕೈಗೆ ಗೊತ್ತಿದ್ದ ಒಂದೇ ಒಂದು ಕೆಲಸ ಅಂದುಕೊಂಡ. ಬೆಳಿಗ್ಗೆ ಹೋದವನು ಮಧ್ಯಾಹ್ನದೊಳಗೆ ಇಳಿಜಾರಿಗೆ ಅಡ್ಡಲಾಗಿ ಇಡೀ ಹೊಲ ಉತ್ತ. ನೇಗಿಲು ಮಗುಚಿದಂತೆಲ್ಲ ಒಳಗಿನ ಮಣ್ಣು ಕಪ್ಪಗೆ, ಪುಡಿಪುಡಿಯಾಗಿ ಮೇಲೆ ಬಂತು. ಇಷ್ಟು ಒಳ್ಳೆಯ ಮಣ್ಣನ್ನು ಅಕ್ಕ ಸುಮ್ಮನೆ ಮಲಗಿಸಿಟ್ಟಿದ್ದಳಲ್ಲ ಎಂದು ಅವನಿಗೆ ಮರುಕವೇ ಆಯಿತು. ಕೈಕಾಲು ತೊಳೆದು ಸುದ್ದಿ ಹೇಳಲು ನೇರ ಆಸ್ಪತ್ರೆಗೆ ಹೋದ.

ವಾರ್ಡಿನ ಬಾಗಿಲಲ್ಲೇ ಅಕ್ಕನ ದನಿ ಕೇಳಿಸಿತು. ಹಾಸಿಗೆಯ ಪಕ್ಕದ ಕಿಟಕಿಕಟ್ಟೆಯ ಮೇಲೆ ಎರಡು ಗಾಜಿನ ಲೋಟ ನೀರು. ಒಂದರಲ್ಲಿ ಮಣ್ಣಿನ ಹೆಂಟೆಯೊಂದು ಹಾಗೇ ಗಟ್ಟಿಯಾಗಿ ಕೂತಿತ್ತು. ಇನ್ನೊಂದರಲ್ಲಿ ಹೆಂಟೆ ಕರಗಿ ಬರೀ ರಾಡಿ. ಹಿಂದಿನ ದಿನ ನೋಡಲು ಬಂದಿದ್ದ ಮಣ್ಣಿನ ಮೇಡಂ ಇಟ್ಟುಹೋದದ್ದು.

"ಈ ಗಟ್ಟಿ ಇರೋದು ನಂದು," ಅಕ್ಕ ಪಕ್ಕದ ಹಾಸಿಗೆಯವಳಿಗೆ ಹೇಳುತ್ತಿದ್ದಳು. "ಗಿಡ ಗಾಳಿಯಿಂದ ಇಂಗಾಲ ಎಳ್ಕೊಂಡು ಬೇರಿಗೆ ಇಳಿಸುತ್ತಂತೆ. ಬೇರು, ದಂಟು ಎಲ್ಲ ಕೊಳೆತು ಅದು ಮಣ್ಣೊಳಗೆ ಅಂಟಿನ ಥರ ಉಳ್ಕೊಳ್ಳುತ್ತೆ. ಅದಕ್ಕೇ ಕರಗಲ್ಲ, ಮಳೆಗೂ ಕೊಚ್ಚಿಹೋಗಲ್ಲ. ಉತ್ತು ಮಗುಚಿದ್ರೆ ಗಾಳಿ ಒಳಗೆ ನುಗ್ಗಿ, ಕಣ್ಣಿಗೆ ಕಾಣದ ಹುಳಗಳು ಅದನ್ನ ತಿಂದು, ಮತ್ತೆ ಗಾಳಿಗೇ ಬಿಟ್ಬಿಡ್ತವೆ."

"ಆ ರಾಡಿ ಯಾರ ಹೊಲದ್ದು?"

"ಮೆತ್ತಗೆ ಮಾತಾಡಿ. ನನ್ನ ತಮ್ಮಂದು. ಕೇಳಿಸ್ಕೊಂಡ್ರೆ ಬೇಜಾರ್ ಮಾಡ್ಕೋತಾನೆ." ಅಕ್ಕ ಲೋಟವನ್ನು ಬೆರಳಿಂದ ಮುಟ್ಟಿದಳು. "ನಂಗೇನು ಮಕ್ಕಳಾ ಮರಿನಾ. ನಾನು ಅಂತ ಕೂಡಿಟ್ಟಿದ್ದು ಇದೊಂದೇ."

ಬಾಗಿಲಲ್ಲಿ ನಿಂತಿದ್ದ ಗೆರೆಯಣ್ಣನಿಗೆ ಎಲ್ಲ ಕೇಳಿಸಿತ್ತು. ಒಳಗೆ ಹೋದ, ಮೂಸಂಬಿ ಸುಲಿದುಕೊಟ್ಟ, ಮಳೆಯ ಮಾತಾಡಿದ. ಹೇಳಬೇಕಾದದ್ದು ಮಾತ್ರ ಬಿಸಿ ತುಪ್ಪದಂತೆ ಬಾಯಲ್ಲೇ ಉಳಿಯಿತು, ನುಂಗಲೂ ಆಗದು, ಉಗುಳಲೂ ಆಗದು. ಮನೆಯಲ್ಲಿ ಹೆಂಡತಿ ಕೇಳಿದ್ದೇ ತಲೆ ಚಚ್ಚಿಕೊಂಡಳು. "ಬೇರೆಯವರ ಬಾಯಿಂದ ಗೊತ್ತಾಗೋ ಮುಂಚೆ ನೀವೇ ಹೇಳಿಬಿಡಿ. ಇಲ್ಲಾಂದ್ರೆ ಅವರ ಮುಖ ನೋಡೋ ಯೋಗ್ಯತೆ ಇರಲ್ಲ ನಿಮಗೆ."

ಆದರೂ ಅಕ್ಕನನ್ನು ಮನೆಗೆ ಕರೆತರುವ ದಿನದವರೆಗೂ ಅವನು ಬಾಯಿ ಬಿಡಲಿಲ್ಲ. ದಾರಿಯಲ್ಲಿ ಅಕ್ಕನೇ ಕಾರಿನ ಹಿಂದಿನ ಸೀಟಿನಿಂದ, "ಮೊದಲು ಹೊಲದ ಹತ್ರ ಹೋಗೋಣ ಕಣೋ, ಇಳಿಯಲ್ಲ, ಕಿಟಕಿಯಿಂದಲೇ ನೋಡ್ತೀನಿ" ಎಂದಳು. ಅವನು ರಸ್ತೆ ಪಕ್ಕಕ್ಕೆ ಕಾರು ನಿಲ್ಲಿಸಿದ.

"ಅಕ್ಕಾ, ಉತ್ತುಬಿಟ್ಟೆ."

"ಏನನ್ನ?"

"ನಿನ್ನ ಹೊಲಾನ."

"ಪೂರ್ತಿನಾ?"

"ಪೂರ್ತಿ. ನಿಂಗೆ ಖುಷಿಯಾಗುತ್ತೆ ಅಂತ..."

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ," ಅಕ್ಕ ಹೇಳಿದಳು. "ಮನೆಗೆ ನಡಿ."

ಅಲ್ಲಿಂದಾಚೆ ಅವಳು ಅವನೊಂದಿಗೆ ಮಾತು ಬಿಟ್ಟಳು. ಕಾಲು ಕೂಡುವವರೆಗೆ ಅವನ ಮನೆಯಲ್ಲೇ ಇದ್ದಳು, ಅವನ ಎದುರಿಗೇ ಕೂತು ಉಣ್ಣುತ್ತಿದ್ದಳು, ಆದರೆ ಉಪ್ಪು ಬೇಕಾದರೂ "ಅವನಿಗೆ ಹೇಳು, ಉಪ್ಪು ಈ ಕಡೆ ತಳ್ಳಲಿ" ಎಂದು ತಮ್ಮನ ಹೆಂಡತಿಗೆ ಹೇಳುತ್ತಿದ್ದಳು. ಉಪ್ಪು ತಳ್ಳುವಾಗ ಗೆರೆಯಣ್ಣನ ಕಣ್ಣು ತುಂಬಿಬರುತ್ತಿತ್ತು. ಕೂದಲು ನೆರೆತ ಗಂಡಸು, ಅಕ್ಕ ಬೈಯಲಿ ಎಂದು ಕಾಯುತ್ತಿದ್ದ. ಅವಳು ಬೈಯಲಿಲ್ಲ.

ಮಣ್ಣಿನ ಮೇಡಂ ಬಂದು ಮಾದರಿ ತೆಗೆದು, ಪರೀಕ್ಷೆ ಮಾಡಿ, ಮುಚ್ಚುಮರೆಯಿಲ್ಲದೆ ಹೇಳಿದಳು. "ಇಂಗಾಲ ಎಲ್ಲಾ ಹೋಗಿಲ್ಲ. ಆದ್ರೆ ಕೂಡಿದ್ದೆಲ್ಲ ಹೆಚ್ಚಾಗಿ ಮೇಲಿನ ಒಂದು ಗೇಣಲ್ಲೇ ಇತ್ತು, ಪೆಟ್ಟು ಬಿದ್ದಿರೋದೂ ಅಲ್ಲೇ. ಮತ್ತೆ ಮೊದಲಿನ ಹಾಗೆ ಆಗೋಕೆ ವರ್ಷಗಳೇ ಬೇಕು. ಮಧ್ಯ ಯಾರೂ ನೇಗಿಲು ಹಾಕಬಾರದು."

"ಅಷ್ಟು ವರ್ಷ ನಾನೆಲ್ಲಿರ್ತೀನಿ," ಅಕ್ಕ ಗೋಡೆ ನೋಡುತ್ತ ಹೇಳಿದಳು. ಗೆರೆಯಣ್ಣ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡ.

ಮುಂದಿನ ಬಿತ್ತನೆ ಬಂತು. ಗೆರೆಯಣ್ಣ ಬೇರೆಯವರ ಹೊಲ ಉಳುವುದನ್ನು ಬಿಡಲಿಲ್ಲ. ಹೊಟ್ಟೆಪಾಡು ಎಂಬುದೊಂದು ಇದೆಯಲ್ಲ, ಅದಕ್ಕಾಗಿ ಅವನನ್ನು ದೂರುವುದು ನನಗಂತೂ ಸರಿಯೆನಿಸದು. ಆದರೆ ರಸ್ತೆ ಪಕ್ಕದಲ್ಲಿ ಎಲ್ಲರ ಕಣ್ಣಿಗೂ ಬೀಳುವ ತನ್ನ ಸ್ವಂತ ಹೊಲದಲ್ಲಿ ದಂಟನ್ನು ಹಾಗೇ ಬಿಟ್ಟ, ನೇಗಿಲು ಇಳಿಸಲಿಲ್ಲ. ಶೆಡ್ಡಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಕ್ಕನ ಹುಚ್ಚು ತಮ್ಮನಿಗೂ ಹತ್ತಿತು" ಎಂದ ಮೆಕ್ಯಾನಿಕ್. ಗೆರೆಯಣ್ಣ ಟೀ ಕುಡಿದು ಎದ್ದುಬಂದ. ಆಮೇಲೆ ಚೂಪು ಕೋಲು, ಬೀಜದ ಚೀಲ ಹಿಡಿದು ಅಕ್ಕನ ಇಳಿಜಾರಿಗೆ ಹೋಗಿ, ಬಗ್ಗಿ ಬಗ್ಗಿ ಗುಳಿ ತೋಡತೊಡಗಿದ. ಟ್ರ್ಯಾಕ್ಟರ್ ಸೀಟಿಗೆ ಒಗ್ಗಿದ ಸೊಂಟ ಸಾಲು ಮುಗಿಯುವಷ್ಟರಲ್ಲಿ ಹಿಡಿದುಕೊಂಡಿತು. ಸಾಲೋ ಹಾವು ಹರಿದ ಹಾಗೆ.

ಅಕ್ಕ ಊರುಗೋಲು ಹಿಡಿದು ಅವನ ಹೆಂಡತಿಯ ಜೊತೆ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಹೆಂಡತಿ ಅಕ್ಕನನ್ನು ಬದುವಿನ ಮೇಲೆ ಕೂರಿಸಿ, ನೀರು ತರಲು ಹೋದಳು. ಅಕ್ಕ ನೋಡಿದಳು, ನೋಡಿದಳು, ಕೊನೆಗೆ ತಡೆಯಲಾಗಲಿಲ್ಲ.

"ಏಯ್ ಬೆಪ್ಪುತಕ್ಕಡಿ! ಅಷ್ಟು ಆಳಕ್ಕೆ ಹಾಕಿದ್ರೆ ಮೊಳಕೆ ಮೇಲೆ ಬರೋದು ಹೇಗೋ?"

ಗೆರೆಯಣ್ಣ ಬೆಚ್ಚಿಬಿದ್ದು ಸುತ್ತ ನೋಡಿದ. ಹೆಂಡತಿ ಎಲ್ಲೂ ಕಾಣಲಿಲ್ಲ. ಬೈಗುಳ ನೇರ ಅವನಿಗೇ ಬಂದಿತ್ತು.

"ಎಷ್ಟು ಆಳಕ್ಕೆ ಹಾಕ್ಲಿ ಅಕ್ಕಾ?" ಎಂದ.

"ಬೆರಳಿನ ಎರಡು ಗೆಣ್ಣು. ಮೇಲೆ ಮಣ್ಣು ಎಳೆದು ಕಾಲಲ್ಲಿ ಮೆತ್ತಗೆ ಒತ್ತು."

ಹಾಗೇ ಮಾಡಿದ. ಬೀಜ ಸರಿಯಾದ ಆಳಕ್ಕೆ ಬಿತ್ತು. ಅಕ್ಕ ತಲೆಯಾಡಿಸಿ ಮತ್ತೆ ಸುಮ್ಮನಾದಳು. ಆ ಮೌನ ಎಲ್ಲಿ ಹಾಗೇ ಉಳಿದುಬಿಡುತ್ತದೋ ಎಂದು ಅವನಿಗೆ ಹೆದರಿಕೆಯಾಯಿತು. ಮುಂದಿನ ಗುಳಿಯನ್ನು ಬೇಕೆಂದೇ ಆಳವಾಗಿ ತೋಡಿ ಅದರೊಳಗೆ ಬೀಜ ಹಾಕಿ, ಅಕ್ಕನ ಕಡೆ ತಿರುಗದೆ ಕಾದು ನಿಂತ.