ನಾನು ತುಳಿದ ಬೆನ್ನು

ಅವರ ಸೊಂಟದ ಎಡಕ್ಕೆ, ಉಡಿದಾರದ ಸ್ವಲ್ಪ ಮೇಲೆ, ಮಾಂಸ ಗಂಟುಕಟ್ಟಿ ಕಲ್ಲಾಗಿತ್ತು. ಆ ಜಾಗ ಕಣ್ಣಿಗಿಂತ ನನ್ನ ಅಂಗಾಲಿಗೇ ಚೆನ್ನಾಗಿ ಗೊತ್ತು.

ಪಕ್ಕದ ಮನೆಯ ಯಜಮಾನರು ಶೆಟ್ಟಿಕೆರೆ ಸುತ್ತಿನ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಬಗ್ಗಿ ಬಗ್ಗಿ ಮೂವತ್ತು ವರ್ಷ. ಬೆಳಿಗ್ಗೆ ಎದ್ದರೆ ಅರ್ಧ ಗಂಟೆ ಗೋಡೆ ಹಿಡಿದೇ ನಡೆಯಬೇಕು. ಆಮೇಲೆ "ಮೈ ಬಿಸಿಯಾಯ್ತು ಬುಡು" ಎಂದು ಕೆಲಸಕ್ಕೆ ಹೊರಟುಬಿಡುತ್ತಿದ್ದರು.

ನಾನು ಹುಟ್ಟಿದ್ದು ಕಾಲು ಮುಂದಾಗಿ. ಅಂಥವರು ತುಳಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಮ್ಮಮ್ಮನ ಬಾಯಲ್ಲಿ ಗುಟ್ಟು ನಿಲ್ಲದು. ನಾನು ಈ ಮನೆಗೆ ಸೊಸೆಯಾಗಿ ಬಂದ ತಿಂಗಳೊಳಗೆ ಅವರು ನಮ್ಮ ಜಗಲಿಯ ಮೇಲೆ ಬೋರಲು ಮಲಗಿ, ತುಳಿಯವ್ವ ಎಂದಿದ್ದರು. ಹೆದರಿಕೊಂಡೇ ತುಳಿಯುತ್ತಿದ್ದೆ.

ಒಂದು ಮುಂಜಾನೆ ತುಳಿದು ಇಳಿದೆ. ಅವರು ಏಳಲಿಲ್ಲ. ಎಡಗಾಲು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ ಎಂದರು. ನಾನೇ ಓಡಿ ಆಟೋ ಕರೆತಂದೆ.

ತಿಪಟೂರಿನಲ್ಲಿ ಡಾಕ್ಟರು ಸ್ಕ್ಯಾನ್ ನೋಡಿ, ಬೆನ್ನನ್ನು ಯಾರಾದರೂ ತುಳಿದರೇ ಎಂದು ಕೇಳಿದರು. ಅವರು ಬದುವಿನ ಮೇಲೆ ಜಾರಿ ಬಿದ್ದೆನೆಂದು ಸುಳ್ಳು ಹೇಳಿದರು. ನನಗೆ ತಡೆಯಲಾಗಲಿಲ್ಲ, ನಾನೇ ತುಳಿದೆ ಎಂದೆ. ಡಾಕ್ಟರು ಬೈಯಲಿಲ್ಲ, ಅದರಿಂದ ಇನ್ನೂ ಭಯವಾಯಿತು. ಬೆನ್ನುಮೂಳೆಗಳ ನಡುವಿನ ಮೆತ್ತೆ ವರ್ಷಗಳಿಂದ ಸವೆದು ಬಿರುಕು ಬಿಟ್ಟಿದೆ, ಒಳಗಿನದು ಜಿನುಗಿ ಸುತ್ತಲ ನರ ಊದಿಕೊಂಡಿದೆ, ಸವೆತಕ್ಕಿಂತ ಆ ಉರಿಯೂತವೇ ನೋವು ಆರದಂತೆ ಮಾಡಿದೆ ಎಂದು ವಿವರಿಸಿದರು. ನನ್ನ ಕಾಲಿನಿಂದ ಬಿರುಕು ಹೆಚ್ಚಿತೇ ಎಂದೆ. ಹೇಳಲಾಗದು, ಇನ್ನು ಮೇಲೆ ತುಳಿಯಬೇಡಿ ಎಂದರು.

ಹಿಂತಿರುಗುವಾಗ ಆಟೋದಲ್ಲಿ ನಾನು ಅಳುತ್ತಿದ್ದೆ. ಅವರೇ ಸಮಾಧಾನ ಹೇಳಿದರು. "ಅಟ್ಟದಾಗೆ ಒಣಗಿದ ಕಾಯಿಗೆ ಏನೂ ಆಗಲ್ಲ ಕಣವ್ವ. ಬಿರುಕು ಬಿಟ್ಟಿದ್ದು ಕೊಳೀತದೆ, ಪಕ್ಕದವನ್ನೂ ಕೆಡಿಸ್ತದೆ. ನಂದು ಯಾವತ್ತೋ ಬಿರುಕು ಬಿಟ್ಟಿದ್ದು."

ಮಾತ್ರೆ, ವಿಶ್ರಾಂತಿ, ಹೇಳಿಕೊಟ್ಟ ವ್ಯಾಯಾಮಗಳಿಂದ ಕಾಲಿಗೆ ನಿಧಾನವಾಗಿ ಜೀವ ಬಂತು. ನೋವು ಪೂರ್ತಿ ಹೋಗಲಿಲ್ಲ. ನಾನು ಮಾತ್ರ ಅವರು ಜಗಲಿಗೆ ಬಂದರೆ ಒಳಗೆ ಸರಿದುಬಿಡುತ್ತಿದ್ದೆ. ನೆಲದ ಮೇಲೆ ಯಾರು ಮಲಗಿದ್ದರೂ ದೂರದಿಂದ ಸುತ್ತಿ ಹೋಗುತ್ತಿದ್ದೆ.

ಒಂದು ಸಂಜೆ ಮತ್ತೆ ಬಂದು ಬೋರಲು ಮಲಗಿದರು. ಡಾಕ್ಟರು ಬೇಡವೆಂದಿದ್ದಾರಲ್ಲ ಎಂದು ನಾನು ಹಿಂದೆ ಸರಿದೆ.

"ಭಾರ ಬುಡಬ್ಯಾಡ, ಸುಮ್ಕೆ ಪಾದ ಮುಟ್ಟಿಸು. ನನ್ನ ನೋವಿಗಲ್ಲ ಕಣವ್ವ, ನಿನ್ನ ಭಯಕ್ಕೆ."

ಮುಟ್ಟಿಸಿದೆ. ಗಂಟು ಅಲ್ಲೇ ಇತ್ತು. ನನ್ನ ಭಯ ಅರ್ಧ ಇಳಿಯಿತು. ಇನ್ನರ್ಧ ಈಗಲೂ ಇದೆ.

ಹೋದ ಶ್ರಾವಣದಲ್ಲಿ ಅವರು ಎದೆನೋವು ಬಂದು ತೀರಿಕೊಂಡರು. ನಮ್ಮ ಜನರ ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಪಾದಕ್ಕೆ ಹಣೆ ಹಚ್ಚಿ ತಲೆಯೆತ್ತಿ ನೋಡಿದೆ. ಅವರು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.